ಪರದೇಶದ ಕುಟುಂಬಗಳ ನೆರವಿಗೆ ಹೋಗುವವರಿಗೆ: ಕರಾವಳಿಯಿಂದ ಹೊರಡುವ ಮುನ್ನ, ಹೋದ ಮೇಲೆ, ಬಂದ ಮೇಲೆ

ಮಂಗಳೂರು, ಉಡುಪಿ ಕಡೆಯವರಿಗೆ ಪರದೇಶ ಹೊಸತೇನಲ್ಲ. ದುಬೈ, ಕುವೈತ್, ಮಸ್ಕತ್‌ಗೆ ದುಡಿಯಲು ಹೋಗುವ ದಾರಿ ಇಲ್ಲಿನ ಹೆಚ್ಚಿನ ಮನೆಗಳಿಗೆ ಗೊತ್ತು. ಆದರೆ ಸಂಬಳದ ಲೆಕ್ಕ ಬಿಟ್ಟು, ಬೇರೆ ದೇಶದಲ್ಲಿ ಕಷ್ಟದಲ್ಲಿರುವ ಕುಟುಂಬಗಳ ಜೊತೆ ಕೆಲವು ತಿಂಗಳು ಕೆಲಸ ಮಾಡಿ ಬರಬೇಕು ಅಂತ ಯಾರಾದರೂ ಕೇಳಿದರೆ ಸರಿಯಾದ ದಾರಿ ತೋರಿಸುವವರು ಕಡಿಮೆ. ನರ್ಸಿಂಗ್ ಮುಗಿಸಿದವರು, ನಿವೃತ್ತ ಬ್ಯಾಂಕ್ ನೌಕರರು, ಕೆಲಸ ಬದಲಿಸುವ ನಡುವೆ ಬಿಡುವು ಮಾಡಿಕೊಂಡ ಎಂಜಿನಿಯರ್‌ಗಳು, ಇಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ ನೇಪಾಳ ಮತ್ತು ಟಾಂಜಾನಿಯಾವನ್ನು ಜಾಸ್ತಿ ಬಳಸಿದ್ದೇನೆ. ಒಂದು ನಮಗೆ ತೀರಾ ಹತ್ತಿರ ಅನ್ನಿಸುವ ದೇಶ, ಇನ್ನೊಂದು ತೀರಾ ದೂರ ಅನ್ನಿಸುವ ದೇಶ. ಹೊಂದಿಕೊಳ್ಳುವ ಕಷ್ಟ ಎರಡೂ ಕಡೆ ಉಂಟು, ಅದರ ಬಗೆ ಮಾತ್ರ ಬೇರೆ.

ಹಂತ 1: ಅಲ್ಲಿಂದ ಕರೆ ಬಂದಿದೆಯಾ ನೋಡಿ

"ನನಗೆ ಸೇವೆ ಮಾಡಬೇಕು ಅಂತ ಆಸೆ ಇದೆ" ಎನ್ನುವುದು ಒಳ್ಳೆಯ ವಿಚಾರ. ಆದರೆ ಟಿಕೆಟ್ ತೆಗೆಯಲು ಅಷ್ಟು ಸಾಲದು. ಅಲ್ಲಿನ ಒಂದು ಸಂಸ್ಥೆ, ಒಂದು ಆಸ್ಪತ್ರೆ ಅಥವಾ ಒಂದು ಊರಿನ ಗುಂಪು "ಈ ಕೆಲಸಕ್ಕೆ ಇಂಥವರು ಬೇಕು" ಅಂತ ಕೇಳಿರಬೇಕು. ಆ ಕೆಲಸವನ್ನು ಊರಿನವರೇ ಮಾಡಬಲ್ಲರಾದರೆ ನೀವು ಹೋಗುವುದು ಬೇಡ. ನೇಪಾಳದಲ್ಲಿ ಗೋಡೆ ಕಟ್ಟುವ ಗಾರೆಯವರು ಇದ್ದಾರೆ. ನಿಮ್ಮ ವಿಮಾನದ ದುಡ್ಡಿನಲ್ಲಿ ಅವರಿಗೆ ವಾರಗಟ್ಟಲೆ ಕೂಲಿ ಕೊಡಬಹುದು. ಶಾಲೆಯ ಗೋಡೆಗೆ ಬಣ್ಣ ಬಳಿಯಲು ಕರಾವಳಿಯಿಂದ ಯಾರೂ ಹೋಗಬೇಕಾಗಿಲ್ಲ.

ಹಾಗಾದರೆ ನಮ್ಮ ಹತ್ತಿರ ಕೊಡಲು ಏನಿದೆ? ನರ್ಸಿಂಗ್, ಫಿಸಿಯೋಥೆರಪಿ, ಲ್ಯಾಬ್ ಕೆಲಸ ಕಲಿತವರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಇವರ ಬೆಲೆ ಎಲ್ಲರಿಗೂ ಗೊತ್ತು. ಯಾರೂ ಅಷ್ಟಾಗಿ ಯೋಚಿಸದ ಇನ್ನೊಂದು ಕಸುಬು ನಮ್ಮಲ್ಲಿ ಉಂಟು: ಸ್ವಸಹಾಯ ಸಂಘದ ಲೆಕ್ಕ. 1982ರಲ್ಲಿ ಶುರುವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಇರಲಿ, ಸಹಕಾರಿ ಬ್ಯಾಂಕುಗಳ ಸಂಘಗಳಿರಲಿ, ವಾರದ ಉಳಿತಾಯ, ಸಾಲದ ಕಂತು, ನಿರ್ಣಯ ಪುಸ್ತಕ ಇವೆಲ್ಲ ನಮ್ಮ ಹಳ್ಳಿಯ ಹೆಂಗಸರಿಗೆ ದಿನನಿತ್ಯದ ವಿಷಯ. ಆಫ್ರಿಕಾದಲ್ಲೂ ಇಂಥದ್ದೇ ಒಂದು ಪದ್ಧತಿ ಬೆಳೆದಿದೆ. 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ ಶುರುಮಾಡಿದ ಹಳ್ಳಿ ಉಳಿತಾಯ ಗುಂಪುಗಳು ಈಗ ಟಾಂಜಾನಿಯಾ ಸೇರಿದಂತೆ ತುಂಬ ಕಡೆ ಇವೆ. ಇಪ್ಪತ್ತು ಮನೆಯವರು ಸೇರಿ ಹಣ ಹಾಕಿ, ಪೆಟ್ಟಿಗೆಯಲ್ಲಿಟ್ಟು, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುತ್ತಾರೆ. ಇಂಥ ಗುಂಪಿನ ಲೆಕ್ಕ ಬರೆಯುವವರಿಗೆ ತರಬೇತಿ ಕೊಡಲು ನಮ್ಮ ಸಂಘದ ಸೇವಾಪ್ರತಿನಿಧಿಗಿಂತ, ಹಳ್ಳಿ ಶಾಖೆಯಲ್ಲಿ ದುಡಿದ ಬ್ಯಾಂಕ್ ಅಧಿಕಾರಿಗಿಂತ ಒಳ್ಳೆಯವರು ಸಿಗುವುದು ಕಷ್ಟ. ಕುಟುಂಬಕ್ಕೆ ನೆರವು ಅಂದರೆ ಬರೀ ಅಕ್ಕಿ, ಬಟ್ಟೆ ಹಂಚುವುದು ಅಂದುಕೊಂಡವರು ಇದನ್ನು ಸ್ವಲ್ಪ ಯೋಚಿಸಬೇಕು.

ಹಂತ 2: ಸಂಸ್ಥೆಯನ್ನು ಆರಿಸಿ, ಮತ್ತೆ ಮತ್ತೆ ಪ್ರಶ್ನೆ ಕೇಳಿ

ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ 1970ರ ನಿರ್ಣಯದಿಂದ ಹುಟ್ಟಿದ್ದು. ಅದರ ಮುಖ್ಯ ಕಚೇರಿ ಜರ್ಮನಿಯ ಬಾನ್‌ನಲ್ಲಿದೆ. ಹೊರದೇಶಕ್ಕೆ ಹೋಗುವವರಿಗೆ ತಿಂಗಳ ಜೀವನವೆಚ್ಚ ಕೊಡುತ್ತಾರೆ. ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಮಾಡುವ ಕೆಲಸಗಳೂ ಅಲ್ಲಿ ಸಿಗುತ್ತವೆ. ಮೊದಲ ಸಲದವರು ಅದರಿಂದಲೇ ಶುರುಮಾಡಿದರೆ ಒಳ್ಳೆಯದು ಅಂತ ನನ್ನ ಅನಿಸಿಕೆ. ವೈದ್ಯರು, ನರ್ಸ್‌ಗಳು, ಲೆಕ್ಕಪತ್ರದವರು ಮೆಡಿಸಿನ್ಸ್ ಸಾನ್ ಫ್ರಾಂಟಿಯರ್ಸ್ (ಗಡಿಗಳಿಲ್ಲದ ವೈದ್ಯರು) ಸಂಸ್ಥೆಯನ್ನು ನೋಡಬಹುದು. ದೆಹಲಿಯಲ್ಲಿ ಅವರ ಕಚೇರಿ ಇದೆ. ಅಲ್ಲಿ ವೃತ್ತಿ ಅನುಭವ ಬೇಕೇ ಬೇಕು, ಈಗಷ್ಟೇ ಕಾಲೇಜು ಮುಗಿಸಿದವರಿಗೆ ಅದಲ್ಲ. 1976ರಲ್ಲಿ ಶುರುವಾದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಮನೆ ಕಟ್ಟಿಕೊಡುವ ಕೆಲಸ ಮಾಡುತ್ತದೆ. ಮನೆ ಸಿಗುವ ಕುಟುಂಬವೂ ಅಲ್ಲಿ ಮೈಮುರಿದು ದುಡಿಯುತ್ತದೆ. ಸರ್ವಿಸ್ ಸಿವಿಲ್ ಇಂಟರ್‌ನ್ಯಾಶನಲ್ ಸ್ವಯಂಸೇವಕರ ಶಿಬಿರಗಳನ್ನು ನಡೆಸುವ ಸಂಸ್ಥೆ, ಇನ್ನೂ ಹಳೆಯದು, 1920ರಲ್ಲಿ ಹುಟ್ಟಿದ್ದು. ಅದನ್ನು ಕಟ್ಟಿದ ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ 1934ರ ಬಿಹಾರ ಭೂಕಂಪದ ನಂತರ ಸಂಗಡಿಗರ ಜೊತೆ ಬಂದು, ಮನೆ ಕಳೆದುಕೊಂಡವರಿಗಾಗಿ ಹಳ್ಳಿಗಳನ್ನು ಕಟ್ಟಲು ಕೈಜೋಡಿಸಿದ್ದರು.

ಯಾವ ಸಂಸ್ಥೆಯೇ ಇರಲಿ, ಇಷ್ಟನ್ನು ಬರಹದಲ್ಲಿ ಕೇಳಿ: ನನ್ನ ಕೆಲಸ ಏನು, ಅಲ್ಲಿ ನನ್ನ ಮೇಲಿನವರು ಯಾರು, ಉಳಿದುಕೊಳ್ಳುವುದು ಎಲ್ಲಿ, ಯಾವ ವೀಸಾ, ಕಾಯಿಲೆ ಬಿದ್ದರೆ ಯಾರು ನೋಡಿಕೊಳ್ಳುತ್ತಾರೆ, ನಾನು ವಾಪಸ್ ಬಂದ ಮೇಲೆ ಈ ಕೆಲಸ ಯಾರ ಕೈಗೆ ಹೋಗುತ್ತದೆ. ಕೊನೆಯ ಪ್ರಶ್ನೆಗೆ ನೆಟ್ಟಗಿನ ಉತ್ತರ ಬರದಿದ್ದರೆ ಆ ಸಂಸ್ಥೆ ಬಿಟ್ಟುಬಿಡಿ. ಹಿಂದೆ ಹೋಗಿ ಬಂದ ಇಬ್ಬರ ಜೊತೆ ಮಾತಾಡಿಸಿ ಅಂತ ಕೇಳಿ.

ದುಡ್ಡಿನ ವಿಷಯದಲ್ಲೂ ಎಚ್ಚರ ಬೇಕು. ಊಟ, ವಸತಿಗೆ ಇಷ್ಟು ಅಂತ ಕೇಳುವ ಒಳ್ಳೆಯ ಸಂಸ್ಥೆಗಳಿವೆ, ಅದು ತಪ್ಪಲ್ಲ. ಆದರೆ ವಿಶ್ವಸಂಸ್ಥೆಯ ಹೆಸರು ಹೇಳಿ ಅರ್ಜಿ ಶುಲ್ಕ ಕೇಳಿದರೆ ಅದು ಮೋಸ. ವಿಶ್ವಸಂಸ್ಥೆ ಯಾವ ಹಂತದಲ್ಲೂ ಹಣ ಕೇಳುವುದಿಲ್ಲ. "ಸ್ವಯಂಸೇವೆ, ಜೊತೆಗೆ ಕೈತುಂಬ ಸಂಬಳ" ಅಂತ ಕಾಂಬೋಡಿಯಾ, ಮ್ಯಾನ್ಮಾರ್ ಕಡೆಗೆ ಕರೆಯುವವರ ಹತ್ತಿರವೂ ಸುಳಿಯಬೇಡಿ. ಕೆಲಸದ ಆಸೆಗೆ ಹೋಗಿ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಸಿಕ್ಕಿಬಿದ್ದ ಭಾರತೀಯರು ಬಹಳ.

ಅನಾಥಾಶ್ರಮಗಳ ವಿಷಯ

ಇದನ್ನು ಬೇರೆಯಾಗಿ ಹೇಳಲೇಬೇಕು. "ಅನಾಥ ಮಕ್ಕಳ ಜೊತೆ ಎರಡು ವಾರ" ಎನ್ನುವ ಜಾಹೀರಾತು ನೋಡಿದರೆ ಯಾರ ಮನಸ್ಸೂ ಕರಗುತ್ತದೆ, ಅಲ್ವಾ? ಆದರೆ ನೇಪಾಳದಲ್ಲಿ ಅನಾಥಾಶ್ರಮಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ ಅಂತ ಯುನಿಸೆಫ್ ಹಿಂದೆಯೇ ಎಚ್ಚರಿಸಿದೆ. ಗುಡ್ಡಗಾಡಿನ ಬಡ ತಂದೆ ತಾಯಿಗೆ "ಮಗುವಿಗೆ ಕಠ್ಮಂಡುವಿನಲ್ಲಿ ಒಳ್ಳೆಯ ಶಾಲೆ ಕೊಡಿಸುತ್ತೇವೆ" ಅಂತ ಮಾತು ಕೊಟ್ಟು ದಲ್ಲಾಳಿಗಳು ಕರೆತರುತ್ತಾರೆ. ಕಾಗದದಲ್ಲಿ ಅನಾಥ ಅಂತ ಬರೆಸುತ್ತಾರೆ. ವಿದೇಶಿ ಸ್ವಯಂಸೇವಕರು ಕೊಡುವ ಹಣದಿಂದಲೇ ಈ ವ್ಯಾಪಾರ ನಡೆಯುತ್ತದೆ. ಬಂದವರು ಮಕ್ಕಳನ್ನು ಅಪ್ಪಿಕೊಳ್ಳುತ್ತಾರೆ, ಎರಡು ವಾರದಲ್ಲಿ ಹೊರಟುಹೋಗುತ್ತಾರೆ. ಮತ್ತೊಬ್ಬರು ಬರುತ್ತಾರೆ, ಅವರೂ ಹೋಗುತ್ತಾರೆ. ಆ ಮಗುವಿನ ಮನಸ್ಸು ಏನಾಗಬೇಕು? 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಶ್ರಮ ಪ್ರವಾಸದ ಹಾನಿಯನ್ನು ಹೆಸರಿಸಿಯೇ ಹೇಳಿತು.

ಮಗುವಿಗೆ ನೆರವಾಗಬೇಕಾದರೆ ಅದರ ತಂದೆ ತಾಯಿಗೆ ನೆರವಾಗುವ ಸಂಸ್ಥೆಗೆ ಸೇರಿ. ಮನೆ ರಿಪೇರಿ, ಉಳಿತಾಯ ಗುಂಪು, ಬಾಣಂತಿ ಆರೈಕೆ, ಅಂಗವಿಕಲ ಮಗುವಿರುವ ಮನೆಗೆ ಫಿಸಿಯೋಥೆರಪಿ, ಇವೆಲ್ಲ ಮಗುವನ್ನು ಮನೆಯಲ್ಲೇ ಉಳಿಸುವ ಕೆಲಸಗಳು.

ಗಲ್ಫ್‌ನಲ್ಲಿ ಈಗಾಗಲೇ ಇರುವವರಿಗೆ ಒಂದು ಮಾತು. ಸಂಕಷ್ಟದಲ್ಲಿರುವ ಕುಟುಂಬಕ್ಕೆಂದು ವಾಟ್ಸಾಪ್ ಗುಂಪಿನಲ್ಲಿ ಹಣ ಎತ್ತುವುದು ನಮ್ಮವರಲ್ಲಿ ಮಾಮೂಲು. ಯುಎಇಯಲ್ಲಿ ಪರವಾನಗಿ ಇಲ್ಲದೆ ಹೀಗೆ ಹಣ ಸಂಗ್ರಹಿಸುವುದು ಅಪರಾಧ, ಅದಕ್ಕೆಂದೇ 2021ರ ಕಾನೂನು ಇದೆ. ನೆರವು ಬೇಕಾದ ಭಾರತೀಯರನ್ನು ರಾಯಭಾರ ಕಚೇರಿಗೆ ಕರೆದುಕೊಂಡು ಹೋಗಿ. 2009ರಿಂದ ಇರುವ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ತುರ್ತು ವಸತಿ, ಊರಿಗೆ ಮರಳುವ ಟಿಕೆಟ್, ಶವ ಸಾಗಣೆಗೂ ಸಹಾಯ ಸಿಗುತ್ತದೆ.

ಹಂತ 3: ಮೊದಲು ಊರಿನಲ್ಲೇ ಕೈ ಪಳಗಿಸಿ

ಹೊರಡುವ ಆರು ತಿಂಗಳ ಮುಂಚೆಯೇ ಇಲ್ಲಿ ಶುರುಮಾಡಿ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಉತ್ತರ ಕರ್ನಾಟಕದಿಂದ, ಹೊರ ರಾಜ್ಯಗಳಿಂದ ದುಡಿಯಲು ಬಂದ ಕುಟುಂಬಗಳು ಬರುತ್ತವೆ. ಭಾಷೆ ಬಾರದೆ, ಯಾವ ಕೌಂಟರ್‌ಗೆ ಹೋಗಬೇಕು ಗೊತ್ತಾಗದೆ ನಿಂತಿರುತ್ತಾರೆ. ಅಂಥವರ ಜೊತೆ ಕೆಲಸ ಮಾಡುವ ಸ್ಥಳೀಯ ಸಂಘಟನೆಗಳಿವೆ, ಅವುಗಳಲ್ಲೊಂದಕ್ಕೆ ಸೇರಿಕೊಳ್ಳಿ. ಬೇರೆಯವರ ಬಡತನದ ಎದುರು ನಿಮಗೆ ಸಿಟ್ಟು ಬರುತ್ತದಾ, ಅಳು ಬರುತ್ತದಾ, ಉಪದೇಶ ಕೊಡಬೇಕು ಅನ್ನಿಸುತ್ತದಾ ಅಂತ ಇಲ್ಲೇ ಗೊತ್ತಾಗಲಿ. ಕುಂದಾಪುರ ಕಡೆ ಕಡಲಾಮೆ ರಕ್ಷಣೆಯ ಕೆಲಸಕ್ಕೆ ವಿದೇಶಿ ಸ್ವಯಂಸೇವಕರು ಬಂದು ಉಳಿದದ್ದುಂಟು. ಅಂಥವರನ್ನು ಮನೆಯಲ್ಲಿಟ್ಟುಕೊಂಡವರು ನಿಮಗೆ ಸಿಕ್ಕಿದರೆ ಕೂತು ಮಾತಾಡಿ. ಅತಿಥಿಯ ಯಾವ ನಡವಳಿಕೆ ಹಿತವಾಗಿತ್ತು, ಯಾವುದು ಕಿರಿಕಿರಿಯಾಯಿತು ಅಂತ ಕೇಳಿ. ನಾಳೆ ಆ ಅತಿಥಿಯ ಜಾಗದಲ್ಲಿ ನೀವಿರುತ್ತೀರಿ.

ಹಂತ 4: ಕಾಗದಪತ್ರ

ಪಾಸ್‌ಪೋರ್ಟ್ ಇಲ್ಲದಿದ್ದರೆ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಆನ್‌ಲೈನ್‌ನಲ್ಲಿ ಸಮಯ ಗೊತ್ತುಮಾಡಿಕೊಳ್ಳಿ. ದೊಡ್ಡವರಿಗೆ 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1,500 ರೂಪಾಯಿ, 10 ವರ್ಷ ಚಾಲ್ತಿ. ಇರುವವರು ಅವಧಿ ನೋಡಿಕೊಳ್ಳಿ. ಇನ್ನೂ ಆರು ತಿಂಗಳು ಬಾಕಿ ಇರಬೇಕು ಅಂತ ತುಂಬ ದೇಶಗಳು ಕೇಳುತ್ತವೆ. ಮಕ್ಕಳಿರುವ ಕಡೆ ಕೆಲಸವಾದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೂಡ ಮಾಡಿಸಿ. ಅದನ್ನು ಕೇಳದ ಸಂಸ್ಥೆಯ ಬಗ್ಗೆ ನನಗೆ ನಂಬಿಕೆ ಬರುವುದಿಲ್ಲ.

ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವವರ ಕೈಯಲ್ಲಿ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಬೇಕು, ಆಧಾರ್ ಇದ್ದರೆ ಸಾಕು ಅಂದುಕೊಂಡು ಹೊರಡಬೇಡಿ. ಟಾಂಜಾನಿಯಾದಲ್ಲಿ ಸ್ವಯಂಸೇವೆಗೆ 'ಸಿ' ದರ್ಜೆಯ ವಾಸ ಪರವಾನಗಿ ಬೇಕು. "ಸಂಬಳ ಇಲ್ಲವಲ್ಲ, ಟೂರಿಸ್ಟ್ ವೀಸಾ ಸಾಕು" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸಂಬಳವಿಲ್ಲದ ಕೆಲಸವೂ ತುಂಬ ದೇಶಗಳ ಕಾನೂನಿನಲ್ಲಿ ಕೆಲಸವೇ. ಸಿಕ್ಕಿಬಿದ್ದರೆ ನಿಮ್ಮ ಜೊತೆಗೆ ಆ ಊರಿನ ಸಂಸ್ಥೆಗೂ ತೊಂದರೆ.

ಬ್ಯಾಂಕಿನ ಎರಡು ಕೆಲಸ ಮರೆಯಬೇಡಿ. 2020ರಿಂದ ಹೊಸ ಕಾರ್ಡುಗಳು ವಿದೇಶದಲ್ಲಿ ತಾವಾಗಿ ನಡೆಯುವುದಿಲ್ಲ, ನೀವೇ ಚಾಲೂ ಮಾಡಬೇಕು. ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸಿಕೊಳ್ಳಿ. ಬಜ್ಪೆಯಿಂದ ನೇರ ವಿದೇಶ ವಿಮಾನಗಳು ಗಲ್ಫ್ ಕಡೆಗೆ. ಕಠ್ಮಂಡುವಿಗೆ ದೆಹಲಿ ಮೂಲಕ ಹೋಗಬಹುದು, ಇಲ್ಲವೇ ರೈಲಿನಲ್ಲಿ ಗೋರಖಪುರ ತಲುಪಿ ಸುನೌಲಿ ಗಡಿ ದಾಟಬಹುದು.

ಹಂತ 5: ಆರೋಗ್ಯ

ಕೀನ್ಯಾ, ಉಗಾಂಡದಂಥ ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲಿ ಮಾತ್ರ ಅದನ್ನು ಹಾಕುತ್ತಾರೆ. ಹಾಕಿಸಿಕೊಂಡ 10 ದಿನದ ನಂತರ ಸರ್ಟಿಫಿಕೇಟ್ ಚಾಲ್ತಿಗೆ ಬರುತ್ತದೆ. 2016ರಿಂದ ಒಂದೇ ಡೋಸ್ ಜೀವನಪೂರ್ತಿ ಸಾಕು. ಆ ಹಳದಿ ಪುಸ್ತಕ ಇಲ್ಲದೆ ಆ ದೇಶಗಳಿಂದ ವಾಪಸ್ ಬಂದರೆ ಭಾರತದಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಟೈಫಾಯಿಡ್, ಹೆಪಟೈಟಿಸ್, ರೇಬೀಸ್ ಲಸಿಕೆಗಳ ಬಗ್ಗೆ ಆರೇಳು ವಾರ ಮುಂಚೆಯೇ ವೈದ್ಯರನ್ನು ಕೇಳಿ.

ಮಲೇರಿಯಾದ ವಿಷಯದಲ್ಲಿ ನಮ್ಮವರಿಗೆ ಒಂದು ಹುಂಬ ಧೈರ್ಯ ಉಂಟು. "ಮಂಗಳೂರಿನವರಿಗೆ ಮಲೇರಿಯಾ ಗೊತ್ತಿಲ್ವಾ" ಅನ್ನುತ್ತಾರೆ. ಇಲ್ಲಿ ಜಾಸ್ತಿ ಕಾಣುವುದು ವೈವಾಕ್ಸ್ ಎಂಬ ಬಗೆಯ ಮಲೇರಿಯಾ. ಆಫ್ರಿಕಾದಲ್ಲಿ ಹೆಚ್ಚಿನದು ಫಾಲ್ಸಿಪಾರಮ್. ಅದು ಮಿದುಳಿಗೆ ಏರಿದರೆ ಕೆಲವೇ ದಿನಗಳಲ್ಲಿ ಜೀವ ತೆಗೆಯುತ್ತದೆ. ಮುಂಜಾಗ್ರತೆಯ ಮಾತ್ರೆಯನ್ನು ಹೊರಡುವ ಮುಂಚೆ ಶುರುಮಾಡಿ, ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ನುಂಗಬೇಕು. ಮಧ್ಯದಲ್ಲಿ ಬಿಡಬಾರದು. ವಿಮೆ ಮಾಡಿಸುವಾಗ ದೂರದ ಹಳ್ಳಿಯಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ ಅಂತ ಓದಿ ನೋಡಿ.

ಹಂತ 6: ಭಾಷೆ ಕಲಿಯಲು ಇಲ್ಲೇ ಕೂತುಕೊಳ್ಳಿ

1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು ಧರ್ಮಪ್ರಚಾರಕ್ಕೆ. ಅದರ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಇರಬಹುದು. ಆದರೆ ಅವರು ಕನ್ನಡ, ತುಳು ಕಲಿತ ಶ್ರದ್ಧೆಯನ್ನು ಒಪ್ಪಬೇಕು. ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದರು, ಕಿಟೆಲ್ ಅವರ ನಿಘಂಟು 1894ರಲ್ಲಿ ಬಂತು. ಅಷ್ಟು ಯಾರೂ ಕೇಳುವುದಿಲ್ಲ. ಕೊನೆಪಕ್ಷ ಮನೆಯೊಳಗೆ ಕೂತು ಹತ್ತು ನಿಮಿಷ ಮಾತಾಡುವಷ್ಟು ಕಲಿತು ಹೋಗಿ.

ನೇಪಾಳಿ ಭಾಷೆಯನ್ನು ದೇವನಾಗರಿಯಲ್ಲೇ ಬರೆಯುತ್ತಾರೆ, ಹಿಂದಿ ಓದಲು ಬರುವವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಕಲಿಸುವವರೂ ಇಲ್ಲೇ ಇದ್ದಾರೆ. ನಮ್ಮ ಹೋಟೆಲುಗಳಲ್ಲಿ, ಅಪಾರ್ಟ್‌ಮೆಂಟ್ ಕಾವಲಿಗೆ ದುಡಿಯುವ ನೇಪಾಳಿಗಳನ್ನು ವಾರಕ್ಕೆರಡು ಸಂಜೆ ಕಲಿಸಲು ಕೇಳಿ, ಅದಕ್ಕೆ ದುಡ್ಡು ಕೊಡಿ. ಅವರ ಊರು, ಮನೆ, ಮಕ್ಕಳ ವಿಷಯವೂ ತಿಳಿಯುತ್ತದೆ. ಸ್ವಾಹಿಲಿಗೆ ಆನ್‌ಲೈನ್ ಪಾಠಗಳು ಸಾಕಷ್ಟಿವೆ.

ಹಂತ 7: ಅಲ್ಲಿ ಹೊಂದಿಕೊಳ್ಳುವುದು

ಮೊದಲ ಎರಡು ವಾರ ಏನನ್ನೂ ಸರಿಮಾಡಲು ಹೋಗಬೇಡಿ. ನೋಡಿ, ಕೇಳಿ, ಪಾತ್ರೆ ತೊಳೆಯಿರಿ, ನೀರು ಹೊರಿ.

ನೇಪಾಳದಲ್ಲಿ ನಮಗಿರುವ ದೊಡ್ಡ ಅಪಾಯ ಎಲ್ಲ ಗೊತ್ತಿದೆ ಅಂದುಕೊಳ್ಳುವುದು. ದೇವರು ಅದೇ, ನಮಸ್ತೆ ಅದೇ, ಸಿನಿಮಾ ಹಾಡೂ ಅದೇ. ಹಾಗಾಗಿ "ನೇಪಾಳ ಅಂದ್ರೆ ನಮ್ಮ ದೇಶದ ಹಾಗೇ" ಅಂತ ಪ್ರೀತಿಯಿಂದಲೇ ಹೇಳಿಬಿಡುತ್ತೇವೆ. ಕೇಳುವವರಿಗೆ ಅದು ನೋವು. 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪದಲ್ಲಿ ಸುಮಾರು 9,000 ಜನ ಸತ್ತರು. ಭಾರತದ ಸೈನಿಕರು, ವೈದ್ಯರು ಬೇಗ ತಲುಪಿದರು, ಅದನ್ನು ಅವರು ನೆನೆಯುತ್ತಾರೆ. ಆದರೆ ನಮ್ಮ ಟಿವಿಯವರು ಹೆಣಗಳ ಮುಂದೆ ಮೈಕ್ ಹಿಡಿದ ರೀತಿಗೆ ಅಲ್ಲಿನವರು ಸಿಟ್ಟಾಗಿ "ವಾಪಸ್ ಹೋಗಿ" ಎಂದೂ ಹೇಳಿದರು. ಅದೇ ವರ್ಷದ ಕೊನೆಗೆ ಭಾರತದ ಗಡಿಯಲ್ಲಿ ಸರಕು ನಿಂತು ತಿಂಗಳುಗಟ್ಟಲೆ ಅಡುಗೆ ಅನಿಲ, ಪೆಟ್ರೋಲ್, ಔಷಧಿ ಸಿಗದೆ ಜನ ಒದ್ದಾಡಿದರು. ತಪ್ಪು ಯಾರದ್ದು ಅಂತ ಅಲ್ಲಿ ವಾದಕ್ಕೆ ಇಳಿಯಬೇಡಿ, ಅವರು ಹೇಳುವುದನ್ನು ಪೂರ್ತಿ ಕೇಳಿ. ಬುದ್ಧ ಹುಟ್ಟಿದ ಲುಂಬಿನಿ ನೇಪಾಳದಲ್ಲಿದೆ ಎಂಬುದು ಅವರಿಗೆ ಅಭಿಮಾನದ ವಿಷಯ. ಇನ್ನೊಂದು, ಸಿಕ್ಕಿದ ನೇಪಾಳಿಯನ್ನೆಲ್ಲ "ಬಹಾದ್ದೂರ್" ಎಂದು ಕರೆಯುವ ನಮ್ಮ ಚಾಳಿ ಇಲ್ಲೇ ಬಿಟ್ಟುಹೋಗಬೇಕು. ದೊಡ್ಡವರಿಗೆ ದಾಯಿ (ಅಣ್ಣ), ದೀದಿ (ಅಕ್ಕ), ಆಮಾ (ಅಮ್ಮ), ಬಾ (ಅಪ್ಪ) ಅನ್ನಿ.

ಎಂಜಲು, ಮಡಿ, ಒಲೆಯ ಹತ್ತಿರ ಹೋಗುವ ವಿಚಾರದಲ್ಲಿ ಅಲ್ಲಿನ ಹಲವು ಮನೆಗಳು ತುಂಬ ಕಟ್ಟುನಿಟ್ಟು. ಕೇಳದೆ ಅಡುಗೆಮನೆಗೆ ಕಾಲಿಡಬೇಡಿ. ಬೆಳಿಗ್ಗೆ ಚಹಾ, ಹತ್ತರ ಸುಮಾರಿಗೆ ದಾಲ್ ಭಾತ್, ಸಂಜೆ ಮತ್ತೆ ದಾಲ್ ಭಾತ್. ತೆಂಗಿನೆಣ್ಣೆಯ ಊಟ ಮಾಡಿದವರಿಗೆ ಸಾಸಿವೆ ಎಣ್ಣೆಯ ಘಾಟು ರೂಢಿಯಾಗಲು ಸಮಯ ಬೇಕು. ಗೋಹತ್ಯೆ ಅಲ್ಲಿ ನಿಷೇಧ, ಆದರೆ ಎಮ್ಮೆ ಮಾಂಸದ ಮೊಮೊ ಎಲ್ಲೆಡೆ ಸಿಗುತ್ತದೆ. ಸಸ್ಯಾಹಾರಿಗಳು ಮೊದಲ ದಿನವೇ ಹೇಳಿಬಿಡಿ. ಗಡಿಯಾರ ನಮಗಿಂತ 15 ನಿಮಿಷ ಮುಂದೆ. ಕ್ಯಾಲೆಂಡರ್ ವಿಕ್ರಮ ಶಕೆಯದ್ದು, ಆ ಭೂಕಂಪ ಅವರ ಲೆಕ್ಕದಲ್ಲಿ 2072ರ ವೈಶಾಖ 12. ಮಕ್ಕಳ ಜನ್ಮದಿನಾಂಕ ಬರೆದುಕೊಳ್ಳುವಾಗ ಇದು ನೆನಪಿರಲಿ.

ಪಶ್ಚಿಮ ನೇಪಾಳದ ಕೆಲವು ಕಡೆ ಮುಟ್ಟಾದ ಹೆಂಗಸರನ್ನು ಗುಡಿಸಲಿನಲ್ಲಿ ಮಲಗಿಸುವ ಛೌಪಡಿ ಪದ್ಧತಿ ಇದೆ. ಚಳಿಗೆ, ಹೊಗೆಗೆ, ಹಾವು ಕಚ್ಚಿ ಸತ್ತವರಿದ್ದಾರೆ. 2017ರ ಕಾನೂನು ಅದನ್ನು ಅಪರಾಧ ಮಾಡಿದೆ. ನಮ್ಮ ಎಷ್ಟೋ ಮನೆಗಳಲ್ಲೂ "ಹೊರಗೆ ಕೂರುವುದು" ನಿನ್ನೆ ಮೊನ್ನೆಯವರೆಗೆ ಇತ್ತು, ಕೆಲವು ಕಡೆ ಇನ್ನೂ ಇದೆ. ಅದನ್ನು ಹೇಳಿಕೊಂಡು, ನಮ್ಮ ಅಜ್ಜಿ, ತಾಯಿ ಹೇಗೆ ಬದಲಾದರು ಅಂತ ಹೆಂಗಸರ ನಡುವೆ ಕೂತು ಮಾತಾಡಿದರೆ ಕೇಳುತ್ತಾರೆ. ಭಾಷಣ ಮಾಡಿದರೆ ಬಾಗಿಲು ಮುಚ್ಚುತ್ತದೆ.

ಟಾಂಜಾನಿಯಾದ ಕಥೆ ಬೇರೆ. ಹಿರಿಯರು ಎದುರಾದರೆ "ಶಿಕಮೂ" ಅನ್ನಬೇಕು, ಅವರು "ಮರಹಬಾ" ಅನ್ನುತ್ತಾರೆ. ಮನೆ, ಮಕ್ಕಳು, ಬೆಳೆ ಎಲ್ಲ ವಿಚಾರಿಸಿದ ಮೇಲೆಯೇ ಕೆಲಸದ ಮಾತು. ಸ್ವಾಹಿಲಿಯಲ್ಲಿ ಗಂಟೆಯ ಲೆಕ್ಕ ಬೆಳಗಾಗುವುದರಿಂದ ಶುರು. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ಸಭೆ ಇಟ್ಟುಕೊಳ್ಳುವಾಗ ಯಾವ ಲೆಕ್ಕದಲ್ಲಿ ಅಂತ ಕೇಳಿಕೊಳ್ಳಿ. ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಅದರ ಹೆಸರು ಉಗಾಲಿ. ವಿಕ್ಟೋರಿಯಾದಂಥ ದೊಡ್ಡ ಸರೋವರದ ಕಡೆ ದಗಾ ಎಂಬ ಸಣ್ಣ ಒಣಮೀನು ಸಿಗುತ್ತದೆ, ಮಲ್ಪೆಯವರಿಗೆ ಅದು ಹೊಸ ರುಚಿಯೇನಲ್ಲ.

ಅಲ್ಲಿ ನಿಮ್ಮನ್ನು "ಮ್ಹಿಂದಿ" (ಭಾರತೀಯ) ಅನ್ನುತ್ತಾರೆ. ಪೂರ್ವ ಆಫ್ರಿಕಾದಲ್ಲಿ ಭಾರತೀಯರು ಅಂದರೆ ಅಂಗಡಿಯವರು, ಹಣವಂತರು, ತಮ್ಮ ಪಾಡಿಗೆ ತಾವಿರುವವರು ಎಂಬ ಭಾವನೆ ಹಳೆಯದು. ಪಕ್ಕದ ಉಗಾಂಡದಿಂದ 1972ರಲ್ಲಿ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾದವರನ್ನೆಲ್ಲ ಹೊರಹಾಕಿದಾಗ ಈ ಅಸಮಾಧಾನವನ್ನೇ ಬಳಸಿಕೊಂಡ. ಕೆಲಸದವರನ್ನು ಕೀಳಾಗಿ ಕಂಡ ಭಾರತೀಯ ಮನೆಗಳ ನೆನಪು ಅವರಿಗಿದೆ. ನಮ್ಮಲ್ಲಿ ಮೈಬಣ್ಣದ ತಾರತಮ್ಯ ಇದೆ, ಆಫ್ರಿಕಾದವರ ಬಗ್ಗೆ ಕೆಟ್ಟ ಮಾತುಗಳಿವೆ. ಇದನ್ನು ಹೊರಡುವ ಮುಂಚೆಯೇ ನೇರವಾಗಿ ಎದುರಿಸಿ. ಅವರ ತಟ್ಟೆಯಲ್ಲಿ ಊಟ ಮಾಡಲು, ಅವರ ಚಾಪೆಯಲ್ಲಿ ಕೂರಲು ನಿಮಗೆ ಹಿಂಜರಿಕೆ ಇದ್ದರೆ ಹೋಗಬೇಡಿ.

ಹಂತ 8: ಕುಟುಂಬದ ಜೊತೆಗಿನ ನಡವಳಿಕೆ

ಹತ್ತು ಮನೆಗಳಿರುವ ಕಡೆ ಒಂದು ಮನೆಗೆ ಮಾತ್ರ ಉಡುಗೊರೆ ಕೊಟ್ಟರೆ ನೀವು ಹೋದ ಮೇಲೆ ಜಗಳ ಆ ಮನೆಗೆ. ಹಣ ಕೊಡಬೇಕು ಅನ್ನಿಸಿದರೆ ಸಂಸ್ಥೆಯ ಮೂಲಕ ಕೊಡಿ. ಸಾಲ ಕೇಳುತ್ತಾರೆ, ಆಗ ಮೆಲ್ಲಗೆ ಆದರೆ ಸ್ಪಷ್ಟವಾಗಿ ಇಲ್ಲ ಅನ್ನಿ. "ಮಗನಿಗೆ ಭಾರತದಲ್ಲಿ ಸೀಟು ಕೊಡಿಸ್ತೀರಾ" ಅಂತಲೂ ಕೇಳಬಹುದು, ಮಣಿಪಾಲದ ಹೆಸರು ಹೊರಗೆ ಅಷ್ಟು ಗೊತ್ತು. ನಿಮ್ಮ ಕೈಯಲ್ಲಿ ಇಲ್ಲದ್ದಕ್ಕೆ "ನೋಡೋಣ" ಅನ್ನಬೇಡಿ. ಆ ಒಂದು ಮಾತನ್ನು ನಂಬಿ ವರ್ಷಗಟ್ಟಲೆ ಕಾಯುವ ತಾಯಂದಿರಿದ್ದಾರೆ.

ಫೋಟೋ ಕೇಳಿ ತೆಗೆಯಿರಿ. ಮಕ್ಕಳ ಮುಖ, ಕಾಯಿಲೆಯವರ ಮುಖ ಇನ್‌ಸ್ಟಾಗ್ರಾಮಿಗೆ ಬೇಡವೇ ಬೇಡ. ನಿಮ್ಮ ತಾಯಿ ಆಸ್ಪತ್ರೆಯ ಹಾಸಿಗೆಯಲ್ಲಿರುವಾಗ ಬೇರೆ ದೇಶದವರು ಫೋಟೋ ಹಾಕಿದರೆ ನಿಮಗೆ ಹೇಗನಿಸುತ್ತದೆ? ಧರ್ಮಪ್ರಚಾರ, ಯಾವ ಧರ್ಮದ್ದೇ ಇರಲಿ, ನೆರವಿನ ಜೊತೆ ಬೆರೆಸಬೇಡಿ. ಮನೆಯವರು ಬೇಡ ಅಂದ ಸಹಾಯವನ್ನು ಒತ್ತಾಯಿಸಬೇಡಿ. ಬೇಡ ಅನ್ನುವ ಹಕ್ಕು ಅವರಿಗಿದೆ, ಕಾರಣ ಕೇಳುವ ಅಗತ್ಯವೂ ಇಲ್ಲ.

ಹಂತ 9: ಮನಸ್ಸು ಕುಗ್ಗಿದಾಗ

ಮೊದಲ ಉತ್ಸಾಹ ಇಳಿದ ಮೇಲೆ, ಸುಮ್ನೆ ಎಲ್ಲದಕ್ಕೂ ಸಿಟ್ಟು ಬರುವ ಕಾಲ ಬರುತ್ತದೆ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ನೆನಪಾಗಿ ಅಳು ಬರಬಹುದು. ಇದು ಹೆಚ್ಚಿನವರಿಗೆ ಆಗುತ್ತದೆ, ಹೆಚ್ಚಿನವರಿಗೆ ಕಳೆದುಹೋಗುತ್ತದೆ. ಮನೆಗೆ ಫೋನ್ ಮಾಡಲು ವಾರದಲ್ಲಿ ದಿನ ಗೊತ್ತುಮಾಡಿಕೊಳ್ಳಿ, ದಿನಕ್ಕೆ ಐದು ಸಲ ಮಾಡಿದರೆ ಮನಸ್ಸು ಅಲ್ಲಿ ನಿಲ್ಲುವುದಿಲ್ಲ. ಅಲ್ಲಿಯದೇ ಒಬ್ಬ ಸ್ನೇಹಿತರನ್ನು ಮಾಡಿಕೊಳ್ಳಿ. ನಿದ್ದೆ, ಊಟ ವಾರಗಟ್ಟಲೆ ಕೆಟ್ಟರೆ ಸಂಸ್ಥೆಯವರಿಗೆ ಹೇಳಿ, ಬೇಗ ವಾಪಸ್ ಬನ್ನಿ. ಅದರಲ್ಲಿ ಅವಮಾನ ಏನೂ ಇಲ್ಲ.

ಹಂತ 10: ಹೊರಡುವಾಗ ಮತ್ತು ಬಂದ ಮೇಲೆ

ಹೊರಡುವ ದಿನವನ್ನು ಮನೆಯವರಿಗೆ ಮೊದಲೇ ಹೇಳಿರಿ. ಕೆಲಸ ಮುಂದುವರಿಸುವವರ ಜೊತೆ ಕೊನೆಯ ಎರಡು ವಾರ ಕೂತು, ಪುಸ್ತಕ, ಲೆಕ್ಕ, ಔಷಧಿ ಪಟ್ಟಿ ಎಲ್ಲ ಅವರ ಭಾಷೆಯಲ್ಲಿ ಬರೆದು ಒಪ್ಪಿಸಿ. ತೆಗೆದ ಫೋಟೋಗಳ ಪ್ರತಿ ಆ ಕುಟುಂಬಕ್ಕೂ ಕೊಡಿ.

ಊರಿಗೆ ಬಂದ ಮೇಲೆ ಕೆಲವು ತಿಂಗಳೊಳಗೆ ಜ್ವರ ಬಂದರೆ ವೈದ್ಯರಿಗೆ ಎಲ್ಲಿಗೆ ಹೋಗಿದ್ದಿರಿ ಅಂತ ಮೊದಲು ಹೇಳಿ, ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಹಳದಿ ಜ್ವರದ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ. ಸಂಘ ಸಂಸ್ಥೆಗಳು ಸನ್ಮಾನಕ್ಕೆ ಕರೆದರೆ ಆ ಸಮಯವನ್ನು ಮುಂದೆ ಹೋಗಲಿರುವ ನಾಲ್ಕು ಜನರಿಗೆ ವಿಷಯ ತಿಳಿಸಲು ಕೊಡಿ. ಯಾವ ಸಂಸ್ಥೆ ಮಾತಿಗೆ ತಪ್ಪಲಿಲ್ಲ, ಎಷ್ಟು ಖರ್ಚಾಯಿತು, ಯಾವ ಕಾಗದಕ್ಕೆ ಎಷ್ಟು ದಿನ ಹಿಡಿಯಿತು ಅಂತ ಬರೆದಿಟ್ಟರೆ ಅವರು ಅಲ್ಲಿಂದ ಮುಂದೆ ಹೋಗಬಹುದು.